ಮನಸ್ಸಿನಲ್ಲೇ ಮಾಡಿಕೊಳ್ಳಿ: ಒಳಮಾತಿನ ಒಂದು ಚರಿತ್ರೆ



ಮೂರು ದಶಕಗಳಿಗೂ ಮೀರಿ ಮೇಷ್ಟ್ರಾಗಿ ದುಡಿದ ನಾನು ತರಗತಿಯಲ್ಲಿ ಅತಿ ಹೆಚ್ಚು ಬಾರಿ ಆಡಿದ ವಾಕ್ಯ ಯಾವುದಿರಬಹುದು ಎಂದು ಮೊನ್ನೆ ಯೋಚಿಸುತ್ತ ಕುಳಿತಿದ್ದೆ. ಗಣಿತದ ಮೇಷ್ಟ್ರಾದ್ದರಿಂದ ಅದು ಪೈಥಾಗೊರಸನ ಪ್ರಮೇಯವಿರಬೇಕೆಂದು ನೀವು ಊಹಿಸಬಹುದು. ಅಲ್ಲ. "ಸದ್ದು ಮಾಡಬೇಡಿ, ಮನಸ್ಸಿನಲ್ಲೇ ಮಾಡಿಕೊಳ್ಳಿ" ಎಂಬುದೇ ಆ ವಾಕ್ಯ. ಓದುವುದಾದರೆ ಮನಸ್ಸಿನಲ್ಲೇ ಓದಿಕೊಳ್ಳಬೇಕು, ಲೆಕ್ಕವಾದರೆ ಮನಸ್ಸಿನಲ್ಲೇ ಹಾಕಿಕೊಳ್ಳಬೇಕು. ತುಟಿ ಅಲುಗಿದರೆ ಅದು ದಡ್ಡತನದ ಗುರುತು ಎಂದು ನನಗೆ ಪಾಠ ಹೇಳಿದವರು ನಂಬಿದ್ದರು. ನಾನೂ ಹಾಗೆಯೇ ನಂಬಿದ್ದೆ.

1991ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕ ಮಾಡುವಾಗ ಅವನ ಬಾಯಿ ನಿಲ್ಲುತ್ತಿರಲಿಲ್ಲ. "ಏಳೆಂಟ್ಲ ಐವತ್ತಾರು, ಆರು ಇಟ್ಟೆ, ದಶಕ ಐದು..." ಎಂದು ಪಕ್ಕದವನಿಗೆ ಕೇಳುವಷ್ಟು ಗಟ್ಟಿಯಾಗಿ ಗೊಣಗುತ್ತಿದ್ದ. ಗೊಣಗಲು ಬಿಟ್ಟರೆ ಉತ್ತರ ಬಹುಮಟ್ಟಿಗೆ ಸರಿಯಾಗಿರುತ್ತಿತ್ತು. ನಾನು ಬಿಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು ಲೆಕ್ಕ ಮಾಡುವಂತೆ ಆಜ್ಞಾಪಿಸಿದೆ. ಅವನು ವಿಧೇಯನಾಗಿ ಬೆರಳಿಟ್ಟುಕೊಂಡ; ಅಂದಿನಿಂದ ಅವನ ದಶಕಗಳು ಕಳೆದುಹೋಗತೊಡಗಿದವು. ಅಂಕಪಟ್ಟಿಯಲ್ಲಿ ನಾನು ಬರೆದ ಷರಾ ಇಂದಿಗೂ ನೆನಪಿದೆ: "ಗಮನ ಸಾಲದು."

ಕೆಲವು ವರ್ಷಗಳ ನಂತರ ಇನ್ನೊಂದು ಶಾಲೆಯಲ್ಲಿ ಒಬ್ಬ ಹುಡುಗಿ. ರೇಖಾಗಣಿತದ ಸಮಸ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. "ಹೇಗಮ್ಮಾ ಬಂತು?" ಎಂದರೆ, "ಕಾಣುತ್ತೆ ಸಾರ್" ಎನ್ನುವಳು. ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಲು ಅವಳಿಂದ ಆಗುತ್ತಿರಲಿಲ್ಲ. ಹಂತಗಳಿಲ್ಲವೆಂದು ನಾನು ಅಂಕ ಕಳೆದೆ; ಒಮ್ಮೆ ನಕಲು ಮಾಡಿದ್ದಾಳೆಂದೂ ಶಂಕಿಸಿದೆ.

ಈ ಇಬ್ಬರನ್ನೂ ನಾನು ಒಂದೇ ಅಳತೆಗೋಲಿನಿಂದ ಅಳೆದಿದ್ದೆ. ಯೋಚಿಸುವಾಗ ನನ್ನ ತಲೆಯೊಳಗೆ ಒಂದು ದನಿ ಶಾಂತವಾಗಿ, ಕ್ರಮವಾಗಿ, ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತದೆ. ಎಲ್ಲರ ತಲೆಯೊಳಗೂ ಹಾಗೆಯೇ ಇರುತ್ತದೆಂದು ಪರೀಕ್ಷಿಸದೆಯೇ ನಂಬಿದ್ದೆ. ಆ ನಂಬಿಕೆ ತಪ್ಪೆಂದು ನಿವೃತ್ತಿಯ ನಂತರದ ಓದು ನನಗೆ ತೋರಿಸಿತು. ಒಳಮಾತಿನ ಕುರಿತು ಮನುಷ್ಯರು ಏನೇನು ನಂಬಿದರು, ಹೇಗೆ ಹೇಗೆ ಎಡವಿದರು ಎಂಬ ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವ ಆಸೆ ನನ್ನದು.

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. 'ನಾಳೆ ಮಳೆ ಬರಬಹುದು ಅಂದುಕೊಂಡೆ' ಎನ್ನುತ್ತೇವೆ. 'ಅನ್ನು' ಎಂಬ ಧಾತುವಿಗೆ 'ಕೊಳ್ಳು' ಸೇರಿದೆ. ಅಂದರೆ ತನಗೆ ತಾನೇ ಅಂದದ್ದು. ಕನ್ನಡದಲ್ಲಿ ಯೋಚಿಸುವುದೆಂದರೆ ತನ್ನೊಡನೆ ತಾನು ಮಾತನಾಡುವುದು. ಆದರೆ ಕನ್ನಡ ಅಷ್ಟಕ್ಕೇ ನಿಲ್ಲುವುದಿಲ್ಲ. 'ಆ ದೃಶ್ಯ ಕಣ್ಣಿಗೆ ಕಟ್ಟಿತು' ಎಂದೂ ಹೇಳುತ್ತೇವೆ, 'ಉಪಾಯ ಹೊಳೆಯಿತು' ಎಂದೂ ಹೇಳುತ್ತೇವೆ. ಕಣ್ಣಿಗೆ ಕಟ್ಟಿದ್ದು ಚಿತ್ರ. ಹೊಳೆದದ್ದು ಚಿತ್ರವೂ ಅಲ್ಲ, ಮಾತೂ ಅಲ್ಲ. ಥಟ್ಟನೆ ಬಂದ ಅರಿವು. ಅಂದುಕೊಳ್ಳುವುದು, ಕಣ್ಣಿಗೆ ಕಟ್ಟುವುದು, ಹೊಳೆಯುವುದು ಎಂಬ ಈ ಮೂರನ್ನು ನೆನಪಿಟ್ಟುಕೊಳ್ಳಿ. ಪಾಶ್ಚಾತ್ಯ ಮನೋವಿಜ್ಞಾನ ಇವನ್ನು ಬೇರೆಬೇರೆಯಾಗಿ ಗುರುತಿಸಲು ಬಹಳ ಕಾಲ ತೆಗೆದುಕೊಂಡಿತು.

ಗ್ರೀಸಿನ ಪ್ಲೇಟೋ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ, ಆಲೋಚನೆಯೆಂದರೆ ಆತ್ಮವು ತನ್ನೊಡನೆ ತಾನು ನಿಶ್ಶಬ್ದವಾಗಿ ನಡೆಸುವ ಸಂವಾದವೆಂದು 'ಥಿಯೇಟಿಟಸ್' ಮತ್ತು 'ಸೋಫಿಸ್ಟ್' ಎಂಬ ಕೃತಿಗಳಲ್ಲಿ ಪ್ರತಿಪಾದಿಸಿದ. ನಮ್ಮಲ್ಲಿ ಸುಮಾರು ಐದನೆಯ ಶತಮಾನದ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ವಾಕ್ಕಿಗೆ ವೈಖರೀ, ಮಧ್ಯಮಾ, ಪಶ್ಯಂತೀ ಎಂಬ ಮೂರು ನೆಲೆಗಳನ್ನು ಹೇಳಿದ. ಕಿವಿಗೆ ಕೇಳುವುದು ವೈಖರೀ. ಒಳಗೇ ಕ್ರಮವಾಗಿ ನಡೆಯುವುದು ಮಧ್ಯಮಾ. ಪದಗಳಾಗಿ ಒಡೆಯುವ ಮುನ್ನ ಇಡಿಯಾಗಿ ಇರುವುದು ಪಶ್ಯಂತೀ. ಶಬ್ದದ ಸ್ಪರ್ಶವಿಲ್ಲದ ಜ್ಞಾನವೇ ಇಲ್ಲವೆಂಬುದು ಅವನ ನಿಲುವು. ಹೀಗೆ ಪರಸ್ಪರ ಪರಿಚಯವಿಲ್ಲದ ಎರಡು ಪರಂಪರೆಗಳೂ ಆಲೋಚನೆಯನ್ನು ಮಾತಿಗೆ ಬಿಗಿಯಾಗಿ ಕಟ್ಟಿಹಾಕಿದವು. ಇಬ್ಬರೂ ಮಾತನ್ನೇ ಬದುಕಾಗಿಸಿಕೊಂಡ ವಿದ್ವಾಂಸರೆಂಬುದನ್ನು ಮರೆಯಬಾರದು.

ಜಪವನ್ನು ಮನುಸ್ಮೃತಿ ವರ್ಗೀಕರಿಸಿದ ರೀತಿಯೂ ಗಮನಾರ್ಹ. ವಿಧಿಯಜ್ಞಕ್ಕಿಂತ ಜಪಯಜ್ಞ ಹತ್ತು ಪಟ್ಟು, ತುಟಿಯಲ್ಲೇ ಪಿಸುಗುಡುವ ಉಪಾಂಶು ಜಪ ನೂರು ಪಟ್ಟು, ಮಾನಸ ಜಪ ಸಾವಿರ ಪಟ್ಟು ಮೇಲು. ಸದ್ದು ಕಡಿಮೆಯಾದಷ್ಟೂ ಶ್ರೇಷ್ಠ ಎಂಬ ಈ ತಾರತಮ್ಯವೇ ವೇಷ ಬದಲಿಸಿಕೊಂಡು ನಮ್ಮ ತರಗತಿಗಳನ್ನು ಹೊಕ್ಕಿರಬಹುದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಮೌನವಾಗಿ ಓದುವುದಕ್ಕೂ ಒಂದು ಪ್ರಸಿದ್ಧ ಪ್ರಸಂಗವಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಅಗಸ್ಟೀನ್ ಇಟಲಿಯ ಮಿಲಾನಿನ ಬಿಷಪ್ ಆಂಬ್ರೋಸರು ಓದುವುದನ್ನು ಕಂಡ. ಕಣ್ಣು ಪುಟದ ಮೇಲೆ ಹರಿಯುತ್ತಿದೆ, ನಾಲಿಗೆ ಮಾತ್ರ ಸುಮ್ಮನಿದೆ. ತನ್ನ ಆತ್ಮನಿವೇದನೆಯಲ್ಲಿ ಅವನು ಇದನ್ನು ವಿಶೇಷವಾಗಿ ದಾಖಲಿಸಿದ. ಪ್ರಾಚೀನರಿಗೆ ಮೌನವಾಚನವೇ ಗೊತ್ತಿರಲಿಲ್ಲವೆಂದು ಇದರಿಂದ ತೀರ್ಮಾನಿಸಿದವರುಂಟು. ಅದು ಅತಿಶಯವೆಂದೂ ಗ್ರೀಕರಿಗೆ ಮೌನವಾಚನ ಪರಿಚಿತವೇ ಆಗಿತ್ತೆಂದೂ ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆದರೂ ಒಂದು ಸಂಗತಿ ಉಳಿಯುತ್ತದೆ: ನಾವು ಬುದ್ಧಿವಂತಿಕೆಯ ಲಕ್ಷಣವೆಂದು ಭಾವಿಸುವ ಮೌನ ಅಗಸ್ಟೀನನಂಥ ಪಂಡಿತನಿಗೂ ಟಿಪ್ಪಣಿ ಬರೆದಿಡುವಷ್ಟು ವಿಶೇಷವಾಗಿ ಕಂಡಿತ್ತು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ, ಮನಸ್ಸುಗಳು ಒಂದೇ ಬಗೆಯವಲ್ಲವೆಂಬ ಸಂಶಯ ಮೊದಲ ಬಾರಿಗೆ ಸ್ಪಷ್ಟ ರೂಪ ಪಡೆಯುತ್ತದೆ. ಫ್ರಾನ್ಸಿನ ಮಾಂಪೆಲಿಯೆಯ ವೈದ್ಯ ಲೋರ್ದಾ 1825ರಲ್ಲಿ ಕಾಯಿಲೆಯಿಂದ ಮಾತು ಕಳೆದುಕೊಂಡ. ಚೇತರಿಸಿಕೊಂಡ ಮೇಲೆ, ಪದಗಳು ಇಲ್ಲವಾಗಿದ್ದಾಗಲೂ ತನ್ನ ಆಲೋಚನೆ ನಿಂತಿರಲಿಲ್ಲವೆಂದು ಸಾರಿದ. 1881ರಲ್ಲಿ ವಿಕ್ಟರ್ ಎಗ್ಗೆರ್ ಒಳಮಾತಿನ ಬಗ್ಗೆಯೇ ಒಂದು ಇಡೀ ಗ್ರಂಥವನ್ನು ಫ್ರೆಂಚಿನಲ್ಲಿ ಪ್ರಕಟಿಸಿದ. ಅಮೆರಿಕದ ವಿಲಿಯಂ ಜೇಮ್ಸ್ 1890ರ ತನ್ನ ಮನೋವಿಜ್ಞಾನದ ಮಹಾಗ್ರಂಥದಲ್ಲಿ ಬ್ಯಾಲರ್ಡ್ ಎಂಬ ಕಿವುಡ ಶಿಕ್ಷಕನ ನೆನಪುಗಳನ್ನು ಉದ್ಧರಿಸಿದ. ಯಾವ ಭಾಷೆಯನ್ನೂ ಕಲಿಯುವ ಮೊದಲೇ, ಬಾಲ್ಯದಲ್ಲಿ, ಈ ಜಗತ್ತು ಎಲ್ಲಿಂದ ಬಂತು ಎಂದು ತಾನು ಚಿಂತಿಸಿದ್ದೆನೆಂಬುದು ಬ್ಯಾಲರ್ಡನ ಸಾಕ್ಷ್ಯ.

ಆದರೆ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಇಟ್ಟವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1880ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅವನು ಹಲವರಿಗೆ ಒಂದು ಪ್ರಶ್ನಾವಳಿ ಕೊಟ್ಟಿದ್ದ: ಇಂದು ಬೆಳಗ್ಗೆ ನೀವು ಉಪಾಹಾರಕ್ಕೆ ಕುಳಿತ ಮೇಜನ್ನು ನೆನೆಯಿರಿ, ಚಿತ್ರ ಎಷ್ಟು ಬೆಳಕಾಗಿದೆ, ಎಷ್ಟು ಸ್ಪಷ್ಟವಾಗಿದೆ, ಬಣ್ಣಗಳಿವೆಯೇ? ಕೆಲವರು ಎದುರಿಗೇ ಇದ್ದಂತೆ ಕಾಣುತ್ತಿದೆಯೆಂದರು. ಅವನ ಪರಿಚಯದ ವಿಜ್ಞಾನಿಗಳಲ್ಲಿ ಅನೇಕರಾದರೋ, 'ಮನಸ್ಸಿನ ಕಣ್ಣು' ಎಂಬುದು ಬರಿಯ ಅಲಂಕಾರದ ಮಾತಲ್ಲವೇ ಎಂದು ಅಚ್ಚರಿಪಟ್ಟರು. ನಮ್ಮಲ್ಲಿ 'ಮನಸ್ಸಿನಲ್ಲೇ ಮಂಡಿಗೆ ತಿಂದಂತೆ' ಎನ್ನುತ್ತಾರಲ್ಲ, ಒಬ್ಬನಿಗೆ ಆ ಮಂಡಿಗೆ ತಟ್ಟೆಯ ಸಮೇತ ಕಂಡರೆ ಇನ್ನೊಬ್ಬನಿಗೆ ಕಾಣುವುದೇ ಇಲ್ಲ. ವಿಜ್ಞಾನಿಗಳಿಗೆ ಚಿತ್ರಕಲ್ಪನೆ ಕಡಿಮೆಯೆಂದು ಗಾಲ್ಟನ್ ಮಾಡಿದ ಸಾಮಾನ್ಯೀಕರಣ ಸರಿಯಲ್ಲವೆಂದು 2006ರ ಮರುಪರಿಶೀಲನೆಯೊಂದು ತಿಳಿಸಿತು. ಆದರೆ ಮನಸ್ಸಿನಿಂದ ಮನಸ್ಸಿಗೆ ಅಪಾರ ವ್ಯತ್ಯಾಸವಿದೆ ಎಂಬ ಅವನ ಮೂಲ ಶೋಧ ನಿಂತಿದೆ.

ಇದೇ ಗಾಲ್ಟನ್ 1883ರಲ್ಲಿ ಈ ಅಧ್ಯಯನಗಳನ್ನು ಒಳಗೊಂಡ ಪುಸ್ತಕದಲ್ಲಿಯೇ 'ಯೂಜೆನಿಕ್ಸ್' ಎಂಬ ಪದವನ್ನು ಟಂಕಿಸಿದನೆಂಬುದನ್ನೂ ಹೇಳಲೇಬೇಕು. ಮನುಷ್ಯರಲ್ಲಿ 'ಉತ್ತಮ ತಳಿ'ಯನ್ನು ಬೆಳೆಸಬೇಕೆಂಬ ಆ ವಾದ ಇಪ್ಪತ್ತನೆಯ ಶತಮಾನದಲ್ಲಿ ಎಂಥ ಕ್ರೌರ್ಯಕ್ಕೆ ಎಡೆಮಾಡಿತೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ವ್ಯತ್ಯಾಸವನ್ನು ಕಂಡ ಕಣ್ಣು ಮರುಕ್ಷಣವೇ ಅದನ್ನು ಮೇಲು ಕೀಳೆಂದು ಜೋಡಿಸಿಬಿಡುತ್ತದೆ. ನಮ್ಮ ಈ ಚರಿತ್ರೆಯುದ್ದಕ್ಕೂ ಈ ಚಾಳಿ ಬೆನ್ನಟ್ಟಿ ಬರುತ್ತದೆ. "ಗಮನ ಸಾಲದು" ಎಂದು ಷರಾ ಬರೆದ ನನ್ನ ಕೆಂಪು ಶಾಯಿಯ ಪೆನ್ನಿಗೂ ಅದೇ ಚಾಳಿ ಅಂಟಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಾಳಿ ಬೇರೆ ಕಡೆಗೆ ಬೀಸಿತು. ಅಮೆರಿಕದ ಜಾನ್ ವಾಟ್ಸನ್ 1913ರಲ್ಲಿ, ಆಲೋಚನೆಯೆಂದರೆ ಗಂಟಲಿನ ಸ್ನಾಯುಗಳ ಅತಿ ಸೂಕ್ಷ್ಮ ಚಲನೆಯಷ್ಟೇ ಎಂಬರ್ಥದ ವಾದವನ್ನು ಮಂಡಿಸಿದ. ಇದು ಪೂರ್ತಿ ಹುರುಳಿಲ್ಲದ ಮಾತಲ್ಲ. ಷಿಕಾಗೊದ ಎಡ್ಮಂಡ್ ಜೇಕಬ್‌ಸನ್ 1930ರ ದಶಕದ ಆರಂಭದಲ್ಲಿ, ಮೌನವಾಗಿ ಯೋಚಿಸುವವರ ನಾಲಿಗೆ ತುಟಿಗಳಲ್ಲಿ ಕ್ಷೀಣವಾದ ವಿದ್ಯುತ್ ಸ್ಪಂದನಗಳನ್ನು ಅಳೆದು ತೋರಿಸಿದ. ಅದೇ ದಶಕದಲ್ಲಿ ಲೂಯಿ ಮ್ಯಾಕ್ಸ್ ಎಂಬಾತ ಸಂಜ್ಞಾಭಾಷೆ ಬಳಸುವ ಕಿವುಡರನ್ನು ಪರೀಕ್ಷಿಸಿದಾಗ, ಯೋಚಿಸುವ ಹೊತ್ತಿನಲ್ಲಿ ಅಂಥ ಸ್ಪಂದನಗಳು ಅವರ ಕೈಗಳಲ್ಲಿ ಕಂಡವು. ಎಂಥ ಸೋಜಿಗ! ನಮ್ಮ ಒಳಮಾತು ನಾಲಿಗೆಯ ಬಳಿ ಮಿಡಿದರೆ ಅವರದು ಬೆರಳ ತುದಿಯಲ್ಲಿ ಮಿಡಿಯುತ್ತಿತ್ತು.

ಹಾಗಾದರೆ ಸ್ನಾಯುಗಳೇ ನಿಷ್ಕ್ರಿಯವಾದರೆ ಆಲೋಚನೆಯೂ ನಿಲ್ಲಬೇಕಲ್ಲವೇ? ಇದಕ್ಕೆ ಉತ್ತರ ದೊರೆತದ್ದು 1947ರಲ್ಲಿ ಪ್ರಕಟವಾದ ಒಂದು ಸಾಹಸದ ಪ್ರಯೋಗದಿಂದ. ಅಮೆರಿಕದ ಯೂಟಾ ಪ್ರಾಂತದ ಅರಿವಳಿಕೆ ತಜ್ಞ ಸ್ಕಾಟ್ ಸ್ಮಿತ್ ತನ್ನ ಮೇಲೆಯೇ ಕ್ಯುರಾರೆ ಮೂಲದ ಔಷಧವನ್ನು ಪ್ರಯೋಗಿಸಿಕೊಂಡ. ಉಸಿರಾಟವೂ ನಿಲ್ಲುವಷ್ಟು ಸಂಪೂರ್ಣ ಸ್ನಾಯುಸ್ತಂಭನ. ಜೊತೆಗಾರರು ಕೃತಕ ಉಸಿರು ಕೊಟ್ಟು ಜೀವ ಉಳಿಸಿದರು. ಚೇತರಿಸಿಕೊಂಡವನು ತನ್ನ ಸುತ್ತ ಏನೇನು ನಡೆಯಿತೆಂದು ವಿವರವಾಗಿ ಹೇಳಿದ. ಒಂದು ಸ್ನಾಯುವೂ ಅಲುಗದಿದ್ದಾಗಲೂ ಮನಸ್ಸು ಎಂದಿನಂತೆ ನಡೆದಿತ್ತು. ಆಲೋಚನೆ ಗಂಟಲಿನಲ್ಲಿಲ್ಲ ಎಂಬುದು ಹೀಗೆ ಸಿದ್ಧವಾಯಿತು.

ಇನ್ನು ನಮ್ಮ ಕಸುಬಿಗೆ ಹತ್ತಿರದ ಅಧ್ಯಾಯ. ನಾನು ಬಿ.ಎಡ್. ಓದುತ್ತಿದ್ದಾಗ ಪಿಯಾಜೆಯ ಹೆಸರನ್ನು ಬಾಯಿಪಾಠ ಮಾಡಿದ್ದೆ. ಜಿನೀವಾದ ಶಿಶುಶಾಲೆಯ ಮಕ್ಕಳನ್ನು ಗಮನಿಸಿ ಅವನು 1923ರಲ್ಲಿ ಬರೆದ ಪುಸ್ತಕದಲ್ಲಿ, ಆಟವಾಡುವಾಗ ಮಕ್ಕಳು ಯಾರನ್ನೂ ಉದ್ದೇಶಿಸದೆ ಆಡಿಕೊಳ್ಳುವ ಮಾತನ್ನು 'ಸ್ವಕೇಂದ್ರಿತ ಮಾತು' ಎಂದು ಕರೆದ. ಇತರರ ದೃಷ್ಟಿ ಇನ್ನೂ ತಿಳಿಯದ ಅಪಕ್ವತೆಯ ಕುರುಹು ಅದು. ಮಗು ಬೆಳೆದಂತೆ ಬಾಡಿಹೋಗುತ್ತದೆ ಎಂಬುದು ಅವನ ಅಂದಿನ ಮತ. ಪರೀಕ್ಷೆಗೆ ನಾನು ಬರೆದದ್ದೂ ಇಷ್ಟೇ.

ಇದಕ್ಕೆ ಉತ್ತರ ಕೊಟ್ಟವನ ಹೆಸರನ್ನು ನಾನು ಕೇಳಿದ್ದು ಬಹಳ ತಡವಾಗಿ. ಲೆವ್ ವೈಗಾಟ್‌ಸ್ಕಿ 1896ರಲ್ಲಿ ಇಂದಿನ ಬೆಲಾರುಸಿನ ಓರ್ಷಾದಲ್ಲಿ ಹುಟ್ಟಿದವನು. ಗೋಮೆಲ್ ಎಂಬ ಊರಿನಲ್ಲಿ ಬೆಳೆದು, ಅಲ್ಲಿಯೇ ಸಾಹಿತ್ಯದ ಮೇಷ್ಟ್ರಾಗಿದ್ದು, 1924ರಲ್ಲಿ ಮಾಸ್ಕೋಗೆ ಹೋದವನು. ಕಿವುಡ ಮಕ್ಕಳ, ಕುರುಡು ಮಕ್ಕಳ ಶಿಕ್ಷಣದ ಬಗ್ಗೆಯೂ ದುಡಿದವನು. ಅವನು ಮಕ್ಕಳ ಕೆಲಸದಲ್ಲಿ ಬೇಕೆಂದೇ ಅಡಚಣೆಗಳನ್ನು ಒಡ್ಡಿದ. ಚಿತ್ರ ಬರೆಯುವ ಮಗುವಿಗೆ ಕಾಗದ ಸಿಗದಂತೆಯೋ, ಬೇಕಾದ ಬಣ್ಣದ ಪೆನ್ಸಿಲ್ ಇಲ್ಲದಂತೆಯೋ ಮಾಡಿದ. ಆಗ ಮಕ್ಕಳ ಸ್ವಗತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕಷ್ಟ ಬಂದಾಗ ಮಗು ತನ್ನ ಮಾತಿನಿಂದಲೇ ತನಗೆ ದಾರಿ ತೋರಿಸಿಕೊಳ್ಳುತ್ತದೆ. ಆದ್ದರಿಂದ ಈ ಗೊಣಗಾಟ ಬಾಡಿಹೋಗುವ ಹೂವಲ್ಲ, ಒಳಕ್ಕೆ ಇಳಿಯುವ ಬೇರು ಎಂಬುದು ಅವನ ಸಿದ್ಧಾಂತದ ತಿರುಳು. ತಾಯಿತಂದೆಯರೊಡನೆ ಆಡಿದ ಮಾತು ಮೊದಲು ತನಗೆ ತಾನೇ ಆಡಿಕೊಳ್ಳುವ ಮಾತಾಗಿ, ಪಿಸುಮಾತಾಗಿ, ಕೊನೆಗೆ ಒಳಮಾತಾಗುತ್ತದೆ.

ಒಳಮಾತು ಹೊರಮಾತಿನಿಂದ ಸದ್ದು ಕಳೆದರೆ ಉಳಿಯುವ ಶೇಷವಲ್ಲವೆಂದೂ ಅವನು ತಿಳಿಸಿದ. ಟ್ರಾಮಿಗಾಗಿ ಕಾಯುವವರು ಅದು ಬಂದಾಗ ಪೂರ್ಣ ವಾಕ್ಯ ಹೇಳುವುದಿಲ್ಲ. ನಮ್ಮ ಬಸ್ ನಿಲ್ದಾಣದಲ್ಲಿಯೂ ಅಷ್ಟೇ. "ಬಂತು" ಎಂದರೆ ಸಾಕು, ಏನು ಬಂತೆಂದು ಎಲ್ಲರಿಗೂ ಗೊತ್ತು. ತನ್ನೊಡನೆ ತಾನಾಡುವಾಗ ಕರ್ತೃಪದ ಬೇಡ, ಕೇವಲ ಕ್ರಿಯಾಪದ ಸಾಕು. ಹೀಗೆ ಒಳಮಾತು ಕುಗ್ಗಿ ಸಾಂದ್ರವಾಗುತ್ತದೆ. ವೈಗಾಟ್‌ಸ್ಕಿ 1934ರ ಜೂನ್ ತಿಂಗಳಲ್ಲಿ, ಕೇವಲ 37ನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡ. 'ಆಲೋಚನೆ ಮತ್ತು ಮಾತು' ಎಂಬ ಅವನ ಪುಸ್ತಕ ಅದೇ ವರ್ಷ ಅವನ ಮರಣಾನಂತರ ಹೊರಬಂದಿತು. ಸ್ವಲ್ಪ ಕಾಲದಲ್ಲೇ ಸೋವಿಯತ್ ಆಡಳಿತದಲ್ಲಿ ಮೂಲೆಗುಂಪಾದ ಅದು ಮತ್ತೆ ಬೆಳಕು ಕಂಡದ್ದು 1956ರಲ್ಲಿ. ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ನನ್ನ ಕೈಗೆ ಬರುವ ಹೊತ್ತಿಗೆ ಆ ಗೊಣಗುವ ಹುಡುಗ ನನ್ನ ತರಗತಿಯನ್ನು ಬಿಟ್ಟು ಹೋಗಿ ಎಷ್ಟೋ ವರ್ಷಗಳಾಗಿದ್ದವು.

ವೈಗಾಟ್‌ಸ್ಕಿ ತೋರಿಸಿದ್ದು ಎಲ್ಲ ಮಕ್ಕಳಿಗೂ ಸಮಾನವಾದ ಒಂದು ದಾರಿಯನ್ನು. ಆ ದಾರಿಯಲ್ಲಿ ಎಲ್ಲರೂ ಒಂದೇ ವೇಗದಲ್ಲಿ ನಡೆಯುತ್ತಾರೆಯೇ? ಬೇರೆ ದಾರಿ ಹಿಡಿಯುವವರೂ ಇದ್ದಾರೆಯೇ? ಈ ಪ್ರಶ್ನೆಗಳೇ ಮುಂದಿನ ಅಧ್ಯಾಯ.

ಅಮೆರಿಕದಲ್ಲಿ ಲಿಯೊ ಕ್ಯಾನರ್ 1943ರಲ್ಲಿ, ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ 1944ರಲ್ಲಿ, ನಾವು ಇಂದು ಆಟಿಸಂ ಅಥವಾ ಸ್ವಲೀನತೆ ಎನ್ನುವ ಸ್ಥಿತಿಯ ಮಕ್ಕಳನ್ನು ವರ್ಣಿಸಿದರು. ಅವರು ಕಂಡದ್ದು ಹೊರಗಿನ ವರ್ತನೆಯನ್ನು. ಒಳಗಿನಿಂದ ಬಂದ ವರ್ಣನೆಗಾಗಿ ಜಗತ್ತು ಬಹಳ ಕಾಲ ಕಾಯಬೇಕಾಯಿತು. 1947ರಲ್ಲಿ ಹುಟ್ಟಿದ, ಮೂರೂವರೆ ವರ್ಷದವರೆಗೂ ಮಾತನಾಡದಿದ್ದ ಟೆಂಪಲ್ ಗ್ರಾಂಡಿನ್ ಎಂಬ ಅಮೆರಿಕದ ಮಹಿಳೆ ಮುಂದೆ ಜಾನುವಾರುಗಳ ನಿರ್ವಹಣೆಗೆ ಬೇಕಾದ ಕಟ್ಟಡಗಳ ವಿನ್ಯಾಸದಲ್ಲಿ ಹೆಸರಾಗಿ ಪ್ರಾಧ್ಯಾಪಕಿಯೂ ಆದರು. 1995ರಲ್ಲಿ ಪ್ರಕಟವಾದ ತಮ್ಮ ಪುಸ್ತಕಕ್ಕೆ ಅವರು ಕೊಟ್ಟ ಹೆಸರಿನ ಅರ್ಥ 'ಚಿತ್ರಗಳಲ್ಲಿ ಯೋಚಿಸುವುದು'. ಪದಗಳು ತಮಗೆ ಎರಡನೆಯ ಭಾಷೆಯಿದ್ದಂತೆ ಎಂಬುದು ಅವರ ವಿವರಣೆ. ಚರ್ಚಿನ ಗೋಪುರ ಎಂದರೆ ಅವರಿಗೆ ಒಂದು ಸಾಮಾನ್ಯ ಗೋಪುರ ಹೊಳೆಯುವುದಿಲ್ಲ. ತಾವು ನೋಡಿದ ಇಂಥಿಂಥ ಗೋಪುರಗಳು ಒಂದಾದ ಮೇಲೊಂದು ಕಣ್ಣಿಗೆ ಕಟ್ಟುತ್ತವೆ. ಅದನ್ನು ಓದಿದಾಗ "ಕಾಣುತ್ತೆ ಸಾರ್" ಎಂದ ಹುಡುಗಿ ನನಗೆ ನೆನಪಾದಳು.

ಗ್ರಾಂಡಿನ್ ಅವರಲ್ಲಿ ನನಗೆ ಮೆಚ್ಚುಗೆಯಾದ ಗುಣ ಇನ್ನೊಂದಿದೆ. ಆಟಿಸಂ ಇರುವವರೆಲ್ಲರೂ ತಮ್ಮಂತೆಯೇ ಚಿತ್ರಗಳಲ್ಲಿ ಯೋಚಿಸುತ್ತಾರೆಂದು ಮೊದಲು ಭಾವಿಸಿದ್ದು ತಪ್ಪೆಂದು ಅವರು ಆಮೇಲೆ ಬರೆದು ಒಪ್ಪಿಕೊಂಡರು. ಅವರಲ್ಲಿಯೂ ಪದಗಳಲ್ಲಿ ಯೋಚಿಸುವವರಿದ್ದಾರೆ, ವಿನ್ಯಾಸಗಳಲ್ಲಿ ಯೋಚಿಸುವವರಿದ್ದಾರೆ. ತನ್ನ ತಲೆಯನ್ನೇ ಲೋಕದ ಮಾದರಿಯೆಂದು ಭಾವಿಸುವ ತಪ್ಪು ಮೇಷ್ಟ್ರಿಗೆ ಮಾತ್ರ ಸೀಮಿತವಲ್ಲ.

ಪ್ರಯೋಗಗಳು ಹೇಳುವುದೂ ಇದೇ ಎಚ್ಚರಿಕೆಯನ್ನೇ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಎಂಬ ಮನೋವಿಜ್ಞಾನಿ ಜನರ ಬಳಿ ಒಂದು ಪುಟ್ಟ ಸದ್ದಿನ ಯಂತ್ರವನ್ನು ಇರಿಸುತ್ತಾನೆ. ದಿನದ ಯಾವುದೋ ಅನಿರೀಕ್ಷಿತ ಗಳಿಗೆಯಲ್ಲಿ ಅದು ಸದ್ದು ಮಾಡಿದಾಗ, ಅದರ ಹಿಂದಿನ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ಬರೆದಿಟ್ಟುಕೊಳ್ಳಬೇಕು. ನಂತರ ವಿವರವಾದ ಸಂದರ್ಶನ. 1994ರಲ್ಲಿ ಅವನು ಫ್ರಾನ್ಸೆಸ್ಕಾ ಹ್ಯಾಪೆ ಮತ್ತು ಉಟಾ ಫ್ರಿತ್ ಅವರೊಡನೆ ಆಸ್ಪರ್ಗರ್ ಲಕ್ಷಣವಿದ್ದ ಮೂವರು ವಯಸ್ಕರನ್ನು ಹೀಗೆ ಅಭ್ಯಸಿಸಿದಾಗ, ಅವರು ವರದಿ ಮಾಡಿದ್ದು ಮುಖ್ಯವಾಗಿ ಚಿತ್ರಗಳನ್ನು. ಮೂವರಿಂದ ಲೋಕನಿಯಮವನ್ನು ಮಾಡಲಾಗದು, ನಿಜ. 2006ರ ಒಂದು ಅಧ್ಯಯನ ಆಟಿಸಂ ಇರುವ ಮಕ್ಕಳು ಒಳಮಾತನ್ನು ಕಡಿಮೆ ಬಳಸುತ್ತಾರೆಂದಿತು. 2008ರ ಇನ್ನೊಂದು, ನೆನಪಿಟ್ಟುಕೊಳ್ಳುವ ಕೆಲಸದಲ್ಲಿ ಅವರೂ ಇತರರಂತೆಯೇ ಬಳಸುತ್ತಾರೆಂದಿತು. 2012ರ ಮತ್ತೊಂದು ಅಧ್ಯಯನದಲ್ಲಿ ಎರಡಕ್ಕೂ ಸ್ಥಾನ ದೊರೆಯಿತು: ಅದರಲ್ಲಿ ಭಾಗವಹಿಸಿದ ಆಟಿಸಂ ಇರುವ ವಯಸ್ಕರು ಅಲ್ಪಕಾಲದ ನೆನಪಿಗೆ ಒಳಮಾತನ್ನು ಬಳಸಿದರು, ಮುಂದಿನ ಹೆಜ್ಜೆಗಳನ್ನು ಯೋಜಿಸುವಾಗ ಬಳಸಲಿಲ್ಲ. ಸಲಕರಣೆ ಇದೆ, ಯಾವ ಕೆಲಸಕ್ಕೆ ಕೈಗೆತ್ತಿಕೊಳ್ಳುತ್ತಾರೆ ಎಂಬುದು ಬೇರೆ.

ಗಮನದ ಕೊರತೆ ಮತ್ತು ಅತಿಚಟುವಟಿಕೆ ಎಂದು ಕರೆಯುವ ಎ.ಡಿ.ಎಚ್.ಡಿ. ಸ್ಥಿತಿಯ ವಿಷಯದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಅಮೆರಿಕದ ಲಾರಾ ಬರ್ಕ್ ಅವರ ಕೆಲಸ. 1991ರಲ್ಲಿ ಪ್ರಕಟವಾದ ಅವರ ಅಧ್ಯಯನ 6ರಿಂದ 12 ವರ್ಷದ ಹುಡುಗರನ್ನು ಶಾಲೆಯಲ್ಲಿ ಗಣಿತ ಮಾಡುತ್ತಿದ್ದಾಗಲೇ ಗಮನಿಸಿತು. ಎ.ಡಿ.ಎಚ್.ಡಿ. ಇದ್ದ ಹುಡುಗರೂ ಇತರರು ನಡೆದ ದಾರಿಯಲ್ಲೇ ನಡೆಯುತ್ತಿದ್ದರು, ಆದರೆ ನಿಧಾನವಾಗಿ. ಇತರರ ಮಾತು ಪಿಸುಮಾತಾಗಿ ಒಳಗಿಳಿದ ವಯಸ್ಸಿನಲ್ಲಿ ಇವರದು ಇನ್ನೂ ಗಟ್ಟಿಯಾಗಿ ಕೇಳುತ್ತಿತ್ತು. ಅದು ಗಮನವಿಲ್ಲದ್ದರ ಗುರುತಲ್ಲ. ಕೆಲಸದ ಮೇಲೆ ಗಮನವನ್ನು ಕಟ್ಟಿಹಾಕಲು ಆ ಮಕ್ಕಳು ಪಡುತ್ತಿದ್ದ ಪ್ರಯತ್ನ. ಪ್ರಕಟಣೆಯ ವರ್ಷವನ್ನು ನೋಡಿ ನಾನು ಪುಸ್ತಕ ಮುಚ್ಚಿಟ್ಟೆ. ನಾನು "ಗಮನ ಸಾಲದು" ಎಂದು ಬರೆದ ವರ್ಷವೂ ಅದೇ.

ನನ್ನ ಆ ಹುಡುಗನಿಗೆ ಇಂಥ ಸ್ಥಿತಿಯಿತ್ತೆಂದು ನಾನು ಹೇಳುತ್ತಿಲ್ಲ. ಅವನನ್ನು ಯಾವ ವೈದ್ಯರೂ ನೋಡಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಹೆಸರಿನ ಚೀಟಿ ಅಂಟಿಸುವ ಅಧಿಕಾರ ನನಗಿಲ್ಲ. 'ನರವೈವಿಧ್ಯ' ಎಂಬ ಅರ್ಥದ ಇಂಗ್ಲಿಷ್ ಪದ ಆಟಿಸಂ ಇರುವವರ ನಡುವಿನ ಚರ್ಚೆಗಳಿಂದ ಹೊಮ್ಮಿ 1998ರ ಹೊತ್ತಿಗೆ ಬರಹದಲ್ಲಿ ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ತನ್ನ 21 ವರ್ಗಗಳ ಪಟ್ಟಿಯಲ್ಲಿ ಸೇರಿಸಿತು. ನನ್ನ ಬಿ.ಎಡ್. ಪುಸ್ತಕದಲ್ಲಿ ಇವು ಯಾವುವೂ ಇರಲಿಲ್ಲ. ಆದರೆ ಎದುರಿಗಿದ್ದ ಹುಡುಗನ ಉತ್ತರ ಯಾವಾಗ ಸರಿಯಾಗುತ್ತದೆ, ಯಾವಾಗ ತಪ್ಪುತ್ತದೆ ಎಂದು ನೋಡಲು ಪುಸ್ತಕ ಬೇಕಿರಲಿಲ್ಲ.

ಇಷ್ಟು ಓದಿದ ಮೇಲೆ, 'ಸಾಮಾನ್ಯರು' ಎಂಬವರೆಲ್ಲರ ಒಳಗೂ ದನಿ ಇದ್ದೇ ಇರುತ್ತದೆ, 'ಭಿನ್ನರು' ಎಂಬವರಿಗೆ ಮಾತ್ರ ಬೇರೆ ಎಂದು ನೀವು ಭಾವಿಸಬಹುದು. ಅದೂ ಸರಿಯಲ್ಲ. ಹರ್ಲ್‌ಬರ್ಟ್ ಮತ್ತು ಹೀವಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಂದಿ ಕಾಲೇಜು ವಿದ್ಯಾರ್ಥಿಗಳಿದ್ದರು. ಅವರ ದಾಖಲಾದ ಕ್ಷಣಗಳಲ್ಲಿ ಒಳಮಾತು ಸಿಕ್ಕಿದ್ದು ಸರಾಸರಿ ನಾಲ್ಕನೆಯ ಒಂದು ಭಾಗದಲ್ಲಿ ಮಾತ್ರ. ಕೆಲವರಲ್ಲಿ ಒಮ್ಮೆಯೂ ಇಲ್ಲ. ಕೆಲವರಲ್ಲಿ ಮುಕ್ಕಾಲು ಪಾಲು. ಉಳಿದ ಕ್ಷಣಗಳಲ್ಲಿ ಚಿತ್ರಗಳು, ಭಾವನೆಗಳು, ಇಂದ್ರಿಯಾನುಭವಗಳು, ಮತ್ತು ಪದವೂ ಚಿತ್ರವೂ ಇಲ್ಲದ ಶುದ್ಧ ಆಲೋಚನೆ. ಕೊನೆಯದನ್ನು ಕನ್ನಡದಲ್ಲಿ 'ಹೊಳೆಯುವುದು' ಎನ್ನುತ್ತೇವೆಂದು ನಾನು ಅವರಿಗೆ ಹೇಳಬಲ್ಲವನಾಗಿದ್ದರೆ ಸಂತೋಷಪಡುತ್ತಿದ್ದರೇನೋ.

2024ರಲ್ಲಿ ಯೋಹಾನ್ನೆ ನೆಡರ್‌ಗಾರ್ಡ್ ಮತ್ತು ಗ್ಯಾರಿ ಲುಪ್ಯಾನ್ ಎಂಬ ಸಂಶೋಧಕರು ಒಳಮಾತಿನ ಅಭಾವಕ್ಕೆ 'ಅನೆಂಡೊಫೇಸಿಯಾ' ಎಂಬ ಹೆಸರಿಟ್ಟರು. ಒಳಮಾತು ಬಹಳ ಇದೆಯೆಂದವರು, ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯೆಂದವರು ಸೇರಿ 93 ಮಂದಿಯನ್ನು ಪರೀಕ್ಷಿಸಿದರು. ಕಡಿಮೆಯಿದ್ದವರು ಪದಗಳನ್ನು ಕ್ರಮವಾಗಿ ನೆನಪಿಟ್ಟುಕೊಳ್ಳುವುದರಲ್ಲಿ ಮತ್ತು ಪ್ರಾಸ ಗುರುತಿಸುವುದರಲ್ಲಿ ಹಿಂದೆ ಬಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಪದಗಳ ಪರೀಕ್ಷೆಯಲ್ಲಿ ಒಂದು ಸ್ವಾರಸ್ಯವಿದೆ. ಭಾಗವಹಿಸಿದವರಲ್ಲಿ ಕೆಲವರು ಬಾಯಿಬಿಟ್ಟು ಗಟ್ಟಿಯಾಗಿ ಹೇಳಿಕೊಂಡರು. ಹಾಗೆ ಹೇಳಿಕೊಂಡವರ ನಡುವೆ ಎರಡು ಗುಂಪುಗಳ ಅಂತರ ಮಾಯವಾಯಿತು.

ಈ ಸಾಲುಗಳನ್ನು ಓದಿದಾಗ ನನಗಾದ ಸಂಕಟವನ್ನು ನೀವು ಊಹಿಸಬಲ್ಲಿರಿ. ಒಳಗೆ ದನಿಯಿಲ್ಲದವನಿಗೆ, ಅಥವಾ ಅದು ಇನ್ನೂ ಒಳಗಿಳಿಯದವನಿಗೆ, ತುಟಿಯೇ ಒಳಮನಸ್ಸು. ಆ ಹುಡುಗನ ಕೈಯಲ್ಲಿದ್ದ ಊರುಗೋಲನ್ನು ನಾನು ಕಿತ್ತುಕೊಂಡು, ನಡೆಯಲು ಬಾರದವನೆಂದು ಷರಾ ಬರೆದಿದ್ದೆ. ಆ ವರ್ಷ ಅವನು ಗಣಿತದಲ್ಲಿ ನಪಾಸಾದ. ಮರುವರ್ಷ ನನಗೆ ವರ್ಗವಾಯಿತು. ಅವನು ಏನಾದನೆಂದು ನಾನು ವಿಚಾರಿಸಲೂ ಇಲ್ಲ. ಹುಡುಗಿಯ ವಿಷಯದಲ್ಲಿ ಹಂತಗಳನ್ನು ಬರೆಯಬೇಕೆಂದು ಕೇಳಿದ್ದು ತಪ್ಪೆಂದು ನಾನು ಇಂದೂ ಹೇಳುವುದಿಲ್ಲ. ಗಣಿತದಲ್ಲಿ ಸಾಧನೆಯನ್ನು ಇನ್ನೊಬ್ಬರಿಗೆ ತೋರಿಸಲೇಬೇಕು. ಆದರೆ ಕಂಡದ್ದನ್ನು ಮಾತಿಗೆ ಇಳಿಸುವುದು ಅವಳಿಗೆ ಒಂದು ಅನುವಾದದ ಕೆಲಸವೆಂದು ನಾನು ತಿಳಿದುಕೊಂಡು, ಚಿತ್ರ ಬರೆದು ತೋರಿಸೆಂದು ಕೇಳಬೇಕಿತ್ತು. ಶಂಕಿಸಿದ್ದು ಮಾತ್ರ ಅಕ್ಷಮ್ಯ.

ಇಂದು ತರಗತಿಯಲ್ಲಿರುವ ಮೇಷ್ಟ್ರುಗಳಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಂದು ವಿನಂತಿ ಮಾತ್ರ. ಐವತ್ತು ಮಕ್ಕಳ ಕೋಣೆಯಲ್ಲಿ ಎಲ್ಲರೂ ಗೊಣಗಿದರೆ ಸಂತೆಯಾಗುತ್ತದೆಂಬುದು ನನಗೂ ಗೊತ್ತು. ಆದರೂ ತುಟಿಯಾಡಿಸುವ ಮಗುವನ್ನು ಗದರುವ ಮುನ್ನ ಅದರ ಉತ್ತರವನ್ನೊಮ್ಮೆ ನೋಡಿ. ಬೇಕಿದ್ದರೆ ಆ ಮಗುವನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ, ಬಾಯನ್ನು ಮುಚ್ಚಿಸಬೇಡಿ. "ಹೇಗೆ ಮಾಡಿದೆ?" ಎಂದು ಕೇಳಿ. ಉತ್ತರ ನಿಮ್ಮ ರೀತಿಯದಲ್ಲದಿದ್ದರೆ ಸ್ವಲ್ಪ ಹೊತ್ತು ಕಾಯಿರಿ.

ಓದುಗರೇ, ಇದನ್ನು ಓದುವಾಗ ನಿಮ್ಮೊಳಗೆ ಒಂದು ದನಿ ಓದುತ್ತಿತ್ತೇ? ಅದು ನಿಮ್ಮದೇ ದನಿಯೇ, ಅಥವಾ ಮುಪ್ಪಾದ ಮೇಷ್ಟ್ರೊಬ್ಬರದೇ? ಅಥವಾ ದನಿಯೇ ಇಲ್ಲದೆ ಅರ್ಥ ಮಾತ್ರ ಹೊಳೆಯುತ್ತಿತ್ತೇ? ಇಂದು ಸಂಜೆ ಮನೆಯವರನ್ನೂ ಕೇಳಿ ನೋಡಿ. ನಾನು ಕೇಳಿದೆ. ಒಲೆಯ ಮುಂದಿದ್ದ ನನ್ನ ಪತ್ನಿ, "ನನಗೆ ಯಾವ ದನಿಯೂ ಇಲ್ಲಪ್ಪ, ಏನು ಮಾಡಬೇಕೋ ಅದು ಸುಮ್ಮನೆ ಗೊತ್ತಾಗುತ್ತೆ" ಎಂದಳು. ನಲವತ್ತು ವರ್ಷ ಒಂದೇ ಸೂರಿನಡಿ ಬದುಕಿ ಇದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.